ಒತ್ತಡ, ಪ್ರವಾಹ, ರೋಧ : ಮನೆಯ ವಿದ್ಯುತ್ತಿನ ಲೆಕ್ಕ



ವಿದ್ಯುಚ್ಛಕ್ತಿಯ ವಿಷಯವಾಗಿ ಪಾಠ ಹೇಳುವವನಿಗೆ ಕರಿಯ ಹಲಗೆಯೊಂದು ಬೇಕು, ಬಳಪ ಬೇಕು, ಮೇಜಿನ ಮೇಲೆ ತಂತಿಯೂ ಮಾಪಕವೂ ಬೇಕು. ಆಕಾಶವಾಣಿಯ ಮುಂದೆ ಕುಳಿತವನಿಗೆ ಇವು ಯಾವುವೂ ಇಲ್ಲ. ಆದರೆ ನಿಮ್ಮ ಮನೆಯಲ್ಲಿ ಇವೆಲ್ಲಕ್ಕಿಂತಲೂ ಉತ್ತಮವಾದ ಸಾಮಗ್ರಿಯಿದೆ. ತಲೆಯ ಮೇಲೆ ಉರಿಯುವ ದೀಪ, ಬಟ್ಟೆಯನ್ನು ತೀಡುವ ಇಸ್ತ್ರಿ ಪೆಟ್ಟಿಗೆ, ಸ್ನಾನದ ಮನೆಯ ಗೀಸರು, ಇವೆಲ್ಲವೂ ಒಂದೊಂದು ಪಾಠದ ಪುಸ್ತಕವೇ ಸರಿ. ಅವುಗಳ ಬೆನ್ನಿನ ಮೇಲೆ ಸಣ್ಣ ಅಕ್ಷರಗಳಲ್ಲಿ ಕೆತ್ತಿರುವ ಎರಡು ಅಂಕಿಗಳನ್ನು ನಾವು ಸಾಮಾನ್ಯವಾಗಿ ಓದುವುದಿಲ್ಲ. ಇಷ್ಟು ವೋಲ್ಟು, ಇಷ್ಟು ವಾಟು ಎಂದು ಅಲ್ಲಿ ಬರೆದಿರುತ್ತದೆ. ಆ ಎರಡು ಅಂಕಿಗಳಿಂದ ಒಂದು ಗುಣಾಕಾರವನ್ನೂ ಒಂದು ಭಾಗಾಕಾರವನ್ನೂ ಮಾಡಿದರೆ ಎಷ್ಟು ಸಂಗತಿಗಳು ಹೊರಬೀಳುತ್ತವೆ, ಅದನ್ನು ತಿಳಿಯದಿದ್ದರೆ ಯಾವ ಅಪಾಯಗಳು ಒದಗಬಹುದು ಎಂಬುದೇ ಈ ಸಾಯಂಕಾಲದ ನನ್ನ ವಿಷಯ. ಕೈಯಲ್ಲಿ ಒಂದು ಚೂರು ಕಾಗದವೂ ಪೆನ್ಸಿಲೂ ಇದ್ದರೆ ಅನುಕೂಲ, ಇಲ್ಲದಿದ್ದರೂ ಬಾಧಕವಿಲ್ಲ.

ಮೊದಲು ಮೂರು ಮಾತುಗಳ ಅರ್ಥವನ್ನು ನಿಶ್ಚಯಿಸಿಕೊಳ್ಳೋಣ. ಮನೆಯ ಮಾಳಿಗೆಯ ಮೇಲೆ ನೀರಿನ ತೊಟ್ಟಿಯಿದೆ, ಅದರಿಂದ ಕೆಳಕ್ಕೆ ಕೊಳವೆಯೊಂದು ಇಳಿದಿದೆ ಎಂದು ಭಾವಿಸಿ. ತೊಟ್ಟಿ ಎತ್ತರದಲ್ಲಿದ್ದಷ್ಟೂ ನೀರಿನ ಒತ್ತಡ ಹೆಚ್ಚು. ವಿದ್ಯುತ್ತಿನಲ್ಲಿಯೂ ಇಂಥ ಒತ್ತಡವುಂಟು. ಅದನ್ನು ವೋಲ್ಟುಗಳಲ್ಲಿ ಅಳೆಯುತ್ತೇವೆ. ಕೊಳವೆಯ ಮೂಲಕ ಒಂದು ಸೆಕೆಂಡಿನಲ್ಲಿ ಹರಿದುಹೋಗುವ ನೀರಿನ ಮೊತ್ತಕ್ಕೆ ಸಮನಾದುದು ವಿದ್ಯುತ್ಪ್ರವಾಹ. ಅದರ ಅಳತೆ ಆಂಪಿಯರು. ಕೊಳವೆ ಕಿರಿದಾಗಿದ್ದರೆ, ಉದ್ದವಾಗಿದ್ದರೆ, ನೀರು ಹರಿಯುವುದಕ್ಕೆ ತಡೆ ಹೆಚ್ಚು. ತಂತಿಯೂ ಹಾಗೆಯೇ. ಉದ್ದವಾದ, ಸಣ್ಣದಾದ ತಂತಿಯಲ್ಲಿ ತಡೆ ಹೆಚ್ಚು. ಮೋಟಾದ, ಗಿಡ್ಡ ತಂತಿಯಲ್ಲಿ ಕಡಮೆ. ಇದಕ್ಕೆ ರೋಧವೆಂದು ಹೆಸರು. ಇದರ ಅಳತೆ ಓಮ್. ವೋಲ್ಟ, ಆಂಪಿಯರ್, ಓಮ್ ಎಂಬವರು ಇಟಲಿ, ಫ್ರಾನ್ಸ್, ಜರ್ಮನಿ ದೇಶಗಳ ಮೂವರು ವಿಜ್ಞಾನಿಗಳು. ೧೮೮೧ರಲ್ಲಿ ಪ್ಯಾರಿಸ್ ನಗರದಲ್ಲಿ ನೆರೆದ ಅಂತರರಾಷ್ಟ್ರೀಯ ಸಮ್ಮೇಳನವು ಈ ಅಳತೆಗಳಿಗೆ ಅವರ ಹೆಸರನ್ನು ಕೊಟ್ಟು ಸ್ಥಿರಪಡಿಸಿತು.

ಈ ಮೂರಕ್ಕೂ ಇರುವ ಸಂಬಂಧ ಅತ್ಯಂತ ಸರಳವಾದುದು. ಒತ್ತಡವನ್ನು ಪ್ರವಾಹದಿಂದ ಭಾಗಿಸಿದರೆ ರೋಧ ದೊರೆಯುತ್ತದೆ. ಇಷ್ಟೆ. ಶಾಲೆಯ ಹುಡುಗನು ಅರ್ಧ ನಿಮಿಷದಲ್ಲಿ ಬಾಯಿಪಾಠ ಮಾಡುವ ಈ ವಾಕ್ಯವನ್ನು ಕಂಡುಕೊಳ್ಳುವುದಕ್ಕೆ ಬುದ್ಧಿವಂತರಾದ ಪುರುಷರು ಎಷ್ಟು ಶ್ರಮಪಟ್ಟರೆಂಬುದನ್ನು ಸ್ವಲ್ಪ ಹೇಳುತ್ತೇನೆ.

ಹೆನ್ರಿ ಕ್ಯಾವೆಂಡಿಷ್ ಎಂಬ ಇಂಗ್ಲೆಂಡಿನ ಶ್ರೀಮಂತನು ೧೭೮೧ರ ವೇಳೆಗೇ ಇದನ್ನು ಕಂಡಿದ್ದನು. ಆಗ ಪ್ರವಾಹವನ್ನು ಅಳೆಯುವ ಯಂತ್ರವೇ ಇರಲಿಲ್ಲ. ಆದುದರಿಂದ ಆತನು ತನ್ನ ಶರೀರವನ್ನೇ ಯಂತ್ರವನ್ನಾಗಿ ಮಾಡಿಕೊಂಡನು. ಉಪ್ಪುನೀರು ತುಂಬಿದ ಗಾಜಿನ ಕೊಳವೆಗಳ ಮೂಲಕ ವಿದ್ಯುತ್ತನ್ನು ಹಾಯಿಸಿ, ತನ್ನ ಕೈಗೆ ತಗುಲಿದ ಆಘಾತ ಈ ಸಲ ಹೆಚ್ಚೋ ಆ ಸಲ ಹೆಚ್ಚೋ ಎಂದು ಹೋಲಿಸಿ ನೋಡಿ ಬರೆದಿಟ್ಟನು. ಆದರೆ ಮಾತನ್ನೂ ಕೀರ್ತಿಯನ್ನೂ ಸಮಾನವಾಗಿ ದ್ವೇಷಿಸುತ್ತಿದ್ದ ಆ ವಿಚಿತ್ರ ಮನುಷ್ಯನು ಇದನ್ನು ಪ್ರಕಟಿಸಲಿಲ್ಲ. ೧೮೧೦ರಲ್ಲಿ ಅವನು ತೀರಿಕೊಂಡನು. ಅವನ ಕಾಗದಗಳನ್ನು ಮ್ಯಾಕ್ಸ್‌ವೆಲ್ ಪಂಡಿತನು ಶೋಧಿಸಿ ಅಚ್ಚುಹಾಕಿಸಿದ್ದು ೧೮೭೯ರಲ್ಲಿ. ಅಷ್ಟರಲ್ಲಿ ನಿಯಮಕ್ಕೆ ಬೇರೊಬ್ಬನ ಹೆಸರು ನಿಂತುಹೋಗಿತ್ತು.

ಆ ಬೇರೊಬ್ಬನೇ ಜಾರ್ಜ್ ಸೈಮನ್ ಓಮ್. ಬೀಗದ ಕೆಲಸ ಮಾಡುವವನ ಮಗ; ಕೊಲೋನ್ ನಗರದ ಶಾಲೆಯೊಂದರಲ್ಲಿ ಗಣಿತ, ಭೌತಶಾಸ್ತ್ರಗಳ ಉಪಾಧ್ಯಾಯ. ತಂತಿಯ ಉದ್ದ ಹೆಚ್ಚಿದಂತೆ ಪ್ರವಾಹ ಹೇಗೆ ಕುಗ್ಗುತ್ತದೆಂಬುದನ್ನು ಅವನು ಅಳೆಯಹೊರಟಾಗ ಒಂದು ತೊಡಕು ಎದುರಾಯಿತು. ಆ ಕಾಲದ ವಿದ್ಯುತ್ಕೋಶಗಳ ಒತ್ತಡ ಒಂದೇ ಸಮನಾಗಿ ನಿಲ್ಲುತ್ತಿರಲಿಲ್ಲ. ಪ್ರವಾಹ ಹರಿದಂತೆಲ್ಲ ಕುಸಿಯುತ್ತಿತ್ತು. ತೂಗುವ ತಕ್ಕಡಿಯೇ ಅಲುಗಾಡುತ್ತಿದ್ದರೆ ತೂಕ ಗೊತ್ತಾಗುವುದು ಹೇಗೆ? ಪೊಗೆನ್‌ಡಾರ್ಫ್ ಎಂಬ ಪಂಡಿತನ ಸಲಹೆಯಂತೆ ಓಮನು ಕೋಶವನ್ನು ಬಿಟ್ಟು, ಬಿಸ್ಮತ್ತು ಮತ್ತು ತಾಮ್ರವೆಂಬ ಎರಡು ಲೋಹಗಳನ್ನು ಜೋಡಿಸಿ, ಒಂದು ಸಂಧಿಯನ್ನು ಕುದಿಯುವ ನೀರಿನಲ್ಲಿಯೂ ಇನ್ನೊಂದನ್ನು ಮಂಜುಗಡ್ಡೆಯಲ್ಲಿಯೂ ಇಟ್ಟನು. ನೀರು ಕುದಿಯುವ ಉಷ್ಣತೆಯೂ ಮಂಜು ಕರಗುವ ಉಷ್ಣತೆಯೂ ಬದಲಾಗತಕ್ಕವಲ್ಲ. ಆದುದರಿಂದ ಅವುಗಳಿಂದ ಹುಟ್ಟುವ ಒತ್ತಡವೂ ಅಚಲವಾಗಿ ನಿಂತಿತು. ಆಮೇಲೆ ಬೇರೆ ಬೇರೆ ಉದ್ದದ ತಾಮ್ರದ ತಂತಿಗಳನ್ನು ಸೇರಿಸಿ, ತೂಗುಬಿಟ್ಟ ಅಯಸ್ಕಾಂತದ ಸೂಜಿ ಎಷ್ಟು ತಿರುಗುವುದೆಂಬುದನ್ನು ನೋಡಿ, ನಿಯಮವನ್ನು ಕಂಡುಹಿಡಿದನು. ೧೮೨೭ರಲ್ಲಿ ಗ್ರಂಥ ಪ್ರಕಟವಾಯಿತು. ಸ್ವದೇಶದಲ್ಲಿ ಅದಕ್ಕೆ ದೊರೆತದ್ದು ಅನಾದರ. ಓಮನು ಮನನೊಂದು ಕೊಲೋನಿನ ಕೆಲಸವನ್ನು ಬಿಟ್ಟನು. ಲಂಡನ್ನಿನ ರಾಯಲ್ ಸೊಸೈಟಿಯವರು ತಮ್ಮ ಕೋಪ್ಲಿ ಪದಕವನ್ನು ಅವನಿಗೆ ಕೊಟ್ಟದ್ದು ೧೮೪೧ರಲ್ಲಿ. ಮ್ಯೂನಿಕ್ ವಿಶ್ವವಿದ್ಯಾನಿಲಯದ ಭೌತಶಾಸ್ತ್ರದ ಪೀಠ ಅವನಿಗೆ ಲಭಿಸಿದ್ದು ೧೮೫೨ರಲ್ಲಿ, ಅಂದರೆ ಮರಣಕ್ಕೆ ಎರಡು ವರ್ಷ ಮುಂಚೆ.

ಭಾಗಾಕಾರದ ಕಥೆ ಇದಾಯಿತು. ಇನ್ನು ಗುಣಾಕಾರ. ಒತ್ತಡವನ್ನು ಪ್ರವಾಹದಿಂದ ಗುಣಿಸಿದರೆ ಸಾಮರ್ಥ್ಯ, ಅಂದರೆ ಒಂದು ಸೆಕೆಂಡಿಗೆ ಎಷ್ಟು ಶಕ್ತಿ ವ್ಯಯವಾಗುತ್ತದೆ ಎಂಬ ಪ್ರಮಾಣ, ದೊರೆಯುತ್ತದೆ. ಇದರ ಅಳತೆ ವಾಟು. ಸಾವಿರ ವಾಟಿನ ಉಪಕರಣವೊಂದು ಒಂದು ಗಂಟೆಯ ಕಾಲ ಕೆಲಸಮಾಡಿದರೆ ಆಗುವ ವೆಚ್ಚವೇ ನಮ್ಮ ಮೀಟರಿನ ಒಂದು ಯೂನಿಟ್ಟು. ಮ್ಯಾಂಚೆಸ್ಟರಿನ ಜೇಮ್ಸ್ ಜೌಲ್ ಎಂಬವನು ೧೮೪೦-೪೧ರಲ್ಲಿ ತಂತಿಯ ಸುರುಳಿಯನ್ನು ನೀರಿನಲ್ಲಿ ಮುಳುಗಿಸಿ, ಪ್ರವಾಹವನ್ನು ಹರಿಸಿ, ನೀರು ಎಷ್ಟು ಬಿಸಿಯಾಯಿತೆಂಬುದನ್ನು ಅಳೆದನು. ನಮ್ಮ ಗೀಸರು ಮಾಡುವ ಕೆಲಸವೂ ಅದೇ. ಅವನು ಕಂಡದ್ದೇನೆಂದರೆ, ತಂತಿಯಲ್ಲಿ ಹುಟ್ಟುವ ಶಾಖವು ರೋಧಕ್ಕೆ ಅನುಗುಣವಾಗಿಯೂ ಪ್ರವಾಹದ ವರ್ಗಕ್ಕೆ ಅನುಗುಣವಾಗಿಯೂ ಇರುತ್ತದೆ. ವರ್ಗವೆಂಬ ಈ ಮಾತನ್ನು ದಯವಿಟ್ಟು ನೆನಪಿನಲ್ಲಿಡಿ. ಪ್ರವಾಹ ಎರಡು ಪಟ್ಟಾದರೆ ಶಾಖ ನಾಲ್ಕು ಪಟ್ಟು. ಮೂರು ಪಟ್ಟಾದರೆ ಒಂಬತ್ತು ಪಟ್ಟು. ಇಂದಿನ ಮಾತಿನ ಸಾರವೆಲ್ಲ ಇದರಲ್ಲಿಯೇ ಅಡಗಿದೆ.

ಈಗ ಲೆಕ್ಕಕ್ಕೆ ಬರೋಣ. ನಮ್ಮ ಮನೆಗಳಿಗೆ ಬರುವ ಒತ್ತಡ ೨೩೦ ವೋಲ್ಟು. ಹಳೆಯ ಬಗೆಯ, ತಂತಿ ಕಾದು ಬೆಳಗುವ ೬೦ ವಾಟಿನ ಬಲ್ಬನ್ನು ತೆಗೆದುಕೊಳ್ಳಿ. ೬೦ನ್ನು ೨೩೦ರಿಂದ ಭಾಗಿಸಿದರೆ ಪ್ರವಾಹ, ಸುಮಾರು ೦.೨೬ ಆಂಪಿಯರು. ೨೩೦ನ್ನು ಈ ೦.೨೬ರಿಂದ ಭಾಗಿಸಿದರೆ ರೋಧ. ಸುಮಾರು ೮೮೦ ಓಮ್. ಸಾವಿರ ವಾಟಿನ ಇಸ್ತ್ರಿ ಪೆಟ್ಟಿಗೆಯಾದರೆ ಪ್ರವಾಹ ೪.೩೫ ಆಂಪಿಯರು, ರೋಧ ೫೩ ಓಮ್. ಎರಡು ಸಾವಿರ ವಾಟಿನ ಗೀಸರಾದರೆ ಪ್ರವಾಹ ೮.೭, ರೋಧ ಇಪ್ಪತ್ತಾರೂವರೆ ಓಮ್. ಹೆಚ್ಚು ಕೆಲಸಮಾಡುವ ಉಪಕರಣದ ರೋಧ ಕಡಮೆಯೆಂಬುದು ಅನೇಕರಿಗೆ ಆಶ್ಚರ್ಯವಾಗಿ ತೋರುತ್ತದೆ. ಬಾಗಿಲು ಅಗಲವಾದಷ್ಟೂ ಜನ ಹೆಚ್ಚು ನುಗ್ಗುವರೆಂದು ತಿಳಿದರೆ ಆಶ್ಚರ್ಯಕ್ಕೆ ಎಡೆಯಿಲ್ಲ.

ಇಲ್ಲಿ ಪ್ರತಿ ವರ್ಷವೂ ಪ್ರಯೋಗಶಾಲೆಯಲ್ಲಿ ಏಳುವ ಪ್ರಶ್ನೆಯೊಂದುಂಟು. ಚುರುಕಾದ ವಿದ್ಯಾರ್ಥಿಯೊಬ್ಬನು ೬೦ ವಾಟಿನ ಬಲ್ಬನ್ನು ಉರಿಸದೆ, ಓಮ್ ಮಾಪಕಕ್ಕೆ ಹಚ್ಚಿ ನೋಡುತ್ತಾನೆ. ಅದು ಅರುವತ್ತೋ ಎಪ್ಪತ್ತೋ ಓಮ್ ತೋರಿಸುತ್ತದೆ. “ಸಾರ್, ಲೆಕ್ಕಕ್ಕೆ ೮೮೦ ಬರಬೇಕು, ಮಾಪಕ ಕೆಟ್ಟಿದೆ” ಎನ್ನುತ್ತಾನೆ. ಮಾಪಕ ಕೆಟ್ಟಿಲ್ಲ, ಲೆಕ್ಕವೂ ತಪ್ಪಿಲ್ಲ. ಬಲ್ಬಿನೊಳಗಿನ ಟಂಗ್‌ಸ್ಟನ್ ತಂತಿ ತಣ್ಣಗಿರುವಾಗ ಒಂದು ರೋಧ, ಎರಡು ಸಾವಿರ ಡಿಗ್ರಿಗೂ ಮೀರಿ ಕಾದು ಬೆಳ್ಳಗಾದಾಗ ಅದರ ಹನ್ನೆರಡು ಹದಿಮೂರು ಪಟ್ಟು ರೋಧ. ಆದುದರಿಂದಲೇ ಗುಂಡಿಯನ್ನು ಒತ್ತಿದ ಕ್ಷಣದಲ್ಲಿ ಬಲ್ಬಿನಲ್ಲಿ ಹಲವು ಪಟ್ಟು ಪ್ರವಾಹ ನುಗ್ಗುತ್ತದೆ. ಮುದಿಯಾದ ಬಲ್ಬು ಸಾಮಾನ್ಯವಾಗಿ ಹತ್ತಿಸಿದ ಗಳಿಗೆಯಲ್ಲಿಯೇ ಪಟಕ್ಕನೆ ಹೋಗುವುದು ಇದರಿಂದಲೇ. ಓಮನ ಭಾಗಾಕಾರ ಯಾವಾಗಲೂ ಆ ಕ್ಷಣದ ಸ್ಥಿತಿಯನ್ನು ಹೇಳುತ್ತದೆ. ರೋಧ ಎಂದೆಂದಿಗೂ ಹಾಗೆಯೇ ಇರುವುದೆಂಬ ಭರವಸೆಯನ್ನು ಕೊಡುವುದಿಲ್ಲ. ಇಸ್ತ್ರಿ ಪೆಟ್ಟಿಗೆಯ ನೈಕ್ರೋಮ್ ತಂತಿಯಲ್ಲಿ ಈ ವ್ಯತ್ಯಾಸ ಅತ್ಯಲ್ಪ. ಈಗಿನ ಎಲ್‌ಇಡಿ ದೀಪಗಳು, ಬೀಸಣಿಗೆ, ಮೋಟಾರು ಇವುಗಳಲ್ಲಿ ಬೇರೆ ತೊಡಕುಗಳು ಉಂಟು. ಅಲ್ಲಿ ಬರಿಯ ಈ ಭಾಗಾಕಾರ ಸಾಲದು. ಕಾಯಿಸುವ ಉಪಕರಣಗಳಿಗೆ ಮಾತ್ರ ಅದು ಪೂರ್ಣವಾಗಿ ಸಲ್ಲುತ್ತದೆ.

ಪ್ರವಾಹದ ವರ್ಗವೆಂಬ ಮಾತನ್ನು ನೆನಪಿನಲ್ಲಿಡಿ ಎಂದೆನಷ್ಟೆ. ಅದರ ಮಹಿಮೆಯನ್ನು ನಮ್ಮ ನಾಡಿನ ಚರಿತ್ರೆಯಲ್ಲಿಯೇ ನೋಡಬಹುದು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಯೋಜಿತವಾಗಿ, ಅವರು ದಿವಂಗತರಾದ ಮರುವರ್ಷ, ಎಂದರೆ ೧೯೦೨ರಲ್ಲಿ, ಶಿವನಸಮುದ್ರದ ಕಾವೇರಿಯಿಂದ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. ನಡುವೆ ಇದ್ದ ದೂರ ತೊಂಬತ್ತು ಮೈಲಿಗೂ ಮೇಲೆ. ಅಷ್ಟು ದೂರ ವಿದ್ಯುತ್ತನ್ನು ಒಯ್ಯುವುದು ಆ ಕಾಲದಲ್ಲಿ ಲೋಕಕ್ಕೇ ಸೋಜಿಗವಾಗಿತ್ತು. ತಂತಿಯಲ್ಲಿದ್ದ ಒತ್ತಡ ೩೦,೦೦೦ ವೋಲ್ಟಿಗೆ ಕಡಮೆಯಲ್ಲ. ಅಷ್ಟು ಭಯಂಕರವಾದ ಒತ್ತಡವೇಕೆ?

ಲೆಕ್ಕಮಾಡಿ ನೋಡೋಣ. ವಿಷಯ ಸುಲಭವಾಗಲೆಂದು ದುಂಡು ಅಂಕಿಗಳನ್ನು ನಾನೇ ಕಲ್ಪಿಸಿಕೊಳ್ಳುತ್ತೇನೆ. ಮೂವತ್ತು ಲಕ್ಷ ವಾಟು ಸಾಮರ್ಥ್ಯವನ್ನು ಕಳುಹಿಸಬೇಕು. ಹೋಗಿಬರುವ ತಂತಿಯ ಒಟ್ಟು ರೋಧ ೨೦ ಓಮ್ ಎಂದಿಟ್ಟುಕೊಳ್ಳಿ. ೩೦,೦೦೦ ವೋಲ್ಟಿನಲ್ಲಿ ಕಳುಹಿಸಿದರೆ ಪ್ರವಾಹ ೧೦೦ ಆಂಪಿಯರು. ನೂರರ ವರ್ಗ ಹತ್ತು ಸಾವಿರ. ಅದನ್ನು ಇಪ್ಪತ್ತರಿಂದ ಗುಣಿಸಿದರೆ ಎರಡು ಲಕ್ಷ ವಾಟು. ಮೂವತ್ತು ಲಕ್ಷದಲ್ಲಿ ಎರಡು ಲಕ್ಷ ದಾರಿಯಲ್ಲಿ ಬಿಸಿಯಾಗಿ ಹೋಯಿತು. ಹದಿನೈದರಲ್ಲಿ ಒಂದು ಪಾಲು ಸುಂಕ ಕೊಟ್ಟಂತಾಯಿತು. ಇದನ್ನು ಸಹಿಸಬಹುದು. ಒತ್ತಡವನ್ನು ೩,೦೦೦ ವೋಲ್ಟಿಗೆ ಇಳಿಸಿದರೋ? ಪ್ರವಾಹ ೧,೦೦೦ ಆಂಪಿಯರು ಬೇಕಾಗುತ್ತದೆ. ಸಾವಿರ ಆಂಪಿಯರನ್ನು ೨೦ ಓಮಿನ ತಂತಿಯಲ್ಲಿ ನೂಕುವುದಕ್ಕೇ ೨೦,೦೦೦ ವೋಲ್ಟು ಬೇಕು. ಇರುವುದು ಮೂರು ಸಾವಿರ. ಮನೆಯಲ್ಲಿರುವ ಹಣವೆಲ್ಲ ದಾರಿಯ ಖರ್ಚಿಗೇ ಸಾಲದಂತಾಯಿತು. ಮೊದಲಿನ ಹದಿನೈದರ ಒಂದು ಪಾಲಿನ ನಷ್ಟದಲ್ಲಿಯೇ ಕೆಲಸ ನಡೆಯಬೇಕಾದರೆ ರೋಧವನ್ನು ನೂರರಲ್ಲಿ ಒಂದು ಪಾಲಿಗೆ ಇಳಿಸಬೇಕು, ಎಂದರೆ ನೂರು ಪಟ್ಟು ತಾಮ್ರವನ್ನು ಹಾಕಬೇಕು. ಒತ್ತಡವನ್ನು ಹತ್ತು ಪಟ್ಟು ಏರಿಸಿದರೆ ನೂರು ಬಂಡಿ ತಾಮ್ರದ ಜಾಗದಲ್ಲಿ ಒಂದು ಬಂಡಿ ತಾಮ್ರ ಸಾಕು. ಮುಂದೆ ೧೯೦೫ರಲ್ಲಿ ಬೆಂಗಳೂರಿನ ಬೀದಿಗಳಿಗೆ ವಿದ್ಯುದ್ದೀಪ ಬಂದುದೂ, ಈಗ ನಾಲ್ಕು ಲಕ್ಷ ವೋಲ್ಟಿನ ಸಾಲುಗಳು ಹೊಲಗಳ ಮೇಲೆ ಹಾದುಹೋಗುತ್ತಿರುವುದೂ ಈ ಒಂದು ಗುಣಾಕಾರದ ಫಲವೇ.

ಇನ್ನು ಮನೆಯೊಳಕ್ಕೆ ಬರೋಣ. ಗೋಡೆಯ ಮೇಲಿನ ಪ್ಲಗ್ಗುಗಳಲ್ಲಿ ಎರಡು ಬಗೆ. ಚಿಕ್ಕದು ೬ ಆಂಪಿಯರಿನದು, ದೊಡ್ಡದು ೧೬ ಆಂಪಿಯರಿನದು. ೬ನ್ನು ೨೩೦ರಿಂದ ಗುಣಿಸಿದರೆ ೧,೩೮೦ ವಾಟು. ಚಿಕ್ಕ ಪ್ಲಗ್ಗಿನ ಮಿತಿ ಅಷ್ಟೇ. ಎರಡು ಸಾವಿರ ವಾಟಿನ ಹೀಟರನ್ನು ಏನೋ ಒಂದು ಉಪಾಯದಿಂದ ಅದಕ್ಕೆ ಸಿಕ್ಕಿಸುವವರಿದ್ದಾರೆ. ಪ್ರವಾಹ ಮಿತಿಗಿಂತ ಸುಮಾರು ಒಂದೂವರೆ ಪಟ್ಟು. ಒಳಗಿನ ಶಾಖ ಎರಡು ಪಟ್ಟಿಗೂ ಮೇಲೆ. ಒಂದೇ ಉದ್ದನೆಯ ತಂತಿಗೆ ಇಸ್ತ್ರಿಯನ್ನೂ ಒಲೆಯನ್ನೂ ಮಿಕ್ಸಿಯನ್ನೂ ಸೇರಿಸುವುದೂ ಇಂಥದೇ ಸಾಹಸ. ವಾಟುಗಳನ್ನು ಕೂಡಿಸಿ ೨೩೦ರಿಂದ ಭಾಗಿಸಿ ನೋಡಿದರೆ ಸಾಹಸದ ಪ್ರಮಾಣ ತಿಳಿಯುತ್ತದೆ.

ಆದರೆ ಇದಕ್ಕಿಂತ ಗೂಢವಾದ ಶತ್ರು ಇನ್ನೊಂದಿದೆ: ಸಡಿಲವಾದ ಸಂಧಿ. ಗೀಸರಿನ ದಾರಿಯಲ್ಲಿ ಒಂದು ಮೊಳೆ ಸಡಿಲವಾಗಿ, ಅಲ್ಲಿ ಕೇವಲ ಅರ್ಧ ಓಮ್ ರೋಧ ಹುಟ್ಟಿಕೊಂಡಿತೆಂದು ಭಾವಿಸಿ. ಗೀಸರಿನ ಇಪ್ಪತ್ತಾರೂವರೆ ಓಮಿನ ಮುಂದೆ ಅದು ಎಷ್ಟರದು? ಒಟ್ಟು ರೋಧ ಇಪ್ಪತ್ತೇಳು, ಪ್ರವಾಹ ೮.೭ರ ಬದಲು ೮.೫. ಈಗ ಆ ಮೊಳೆಯ ಬಳಿ ಹುಟ್ಟುವ ಶಾಖವನ್ನು ನೋಡಿ: ೮.೫ರ ವರ್ಗ ಎಪ್ಪತ್ತೆರಡು, ಅದರ ಅರ್ಧ ಮೂವತ್ತಾರು ವಾಟು. ರೇಡಿಯೋ ರಿಪೇರಿಯವರು ಸೀಸವನ್ನು ಕರಗಿಸಿ ಬೆಸುಗೆ ಹಾಕುವ ಸಾಲ್ಡರಿಂಗ್ ಕಡ್ಡಿಯ ಶಾಖ ಅಷ್ಟೇ. ಅಂಥದೊಂದು ಕಡ್ಡಿಯನ್ನು ಕಾಯಿಸಿ, ಗೋಡೆಯ ಪೆಟ್ಟಿಗೆಯೊಳಗೆ, ಮರದ ಹಲಗೆಯ ಹಿಂದೆ ಇಟ್ಟು ಬಾಗಿಲು ಮುಚ್ಚಿದಂತಾಯಿತು. ಫ್ಯೂಸು ಏಕೆ ಹೋಗುವುದಿಲ್ಲ ಎಂದು ಕೇಳುವಿರಿ. ಫ್ಯೂಸು ನೋಡುವುದು ಪ್ರವಾಹದ ಮೊತ್ತವನ್ನು. ಪ್ರವಾಹವೋ ಹೆಚ್ಚಲಿಲ್ಲ, ಒಂದಿಷ್ಟು ಕಡಮೆಯೇ ಆಯಿತು. ಶಾಖ ಎಲ್ಲಿ ಹುಟ್ಟಿತೆಂಬುದು ಅದಕ್ಕೆ ಕಾಣದು. ಆದುದರಿಂದ ಪ್ಲಗ್ಗು ಬಿಸಿಯಾದರೆ, ಅದರ ಬಣ್ಣ ಕಂದಿದರೆ, ಸುಟ್ಟ ವಾಸನೆ ಬಂದರೆ, ಫ್ಯೂಸನ್ನು ನಂಬಿ ಕುಳಿತಿರಬಾರದು. ಕೂಡಲೆ ಮೈನ್ ಆರಿಸಿ, ಬಲ್ಲವರನ್ನು ಕರೆಸತಕ್ಕದ್ದು.

ಬೇಸಗೆಯ ಸಂಜೆ ಒತ್ತಡ ಇಳಿಯುವುದನ್ನು ನೀವೆಲ್ಲ ಕಂಡಿರಬಹುದು. ೨೩೦ ಇರಬೇಕಾದ ಕಡೆ ೧೮೪ ವೋಲ್ಟು, ಅಂದರೆ ನೂರಕ್ಕೆ ಎಂಬತ್ತು, ಮಾತ್ರ ಇದೆಯೆನ್ನಿ. ಗೀಸರು ನೂರಕ್ಕೆ ಎಂಬತ್ತು ಕೆಲಸ ಮಾಡುವುದೆಂದು ತೋರುತ್ತದೆ, ಆದರೆ ಹಾಗಲ್ಲ. ಒತ್ತಡ ಇಳಿದಂತೆ ಪ್ರವಾಹವೂ ಇಳಿಯುವುದರಿಂದ, ಎಂಬತ್ತರಲ್ಲಿ ನೂರಕ್ಕೆ ಎಂಬತ್ತು, ಎಂದರೆ ಅರುವತ್ತನಾಲ್ಕು ಮಾತ್ರ. ಹದಿನೈದು ಲೀಟರು ನೀರನ್ನು ೨೫ ಡಿಗ್ರಿಯಿಂದ ೬೦ ಡಿಗ್ರಿಗೆ ಏರಿಸಲು, ಸೋರಿಹೋಗುವ ಶಾಖವನ್ನು ಬಿಟ್ಟರೆ, ಎರಡು ಸಾವಿರ ವಾಟಿಗೆ ಹದಿನೆಂಟು ನಿಮಿಷ ಸಾಕು. ಈಗ ಇಪ್ಪತ್ತೆಂಟು ನಿಮಿಷಕ್ಕೂ ಮೇಲೆ ಹಿಡಿಯುತ್ತದೆ. ಯೂನಿಟ್ಟಿನ ವೆಚ್ಚ ಎರಡರಲ್ಲಿಯೂ ಹೆಚ್ಚುಕಡಮೆ ಒಂದೇ, ಸುಮಾರು ಮುಕ್ಕಾಲಿಗೂ ಕಡಮೆ. ಕಾಯುವ ತಾಳ್ಮೆ ಮಾತ್ರ ಅಧಿಕವಾಗಿ ಬೇಕು. ಬಾವಿಯ ಪಂಪಿನ ಮೋಟಾರಿನ ಸ್ವಭಾವ ಇದಕ್ಕೆ ವಿರುದ್ಧವಾದುದು. ನೀರನ್ನೆತ್ತುವ ಹೊರೆ ತಲೆಯ ಮೇಲಿರುವುದರಿಂದ, ಒತ್ತಡ ಕುಗ್ಗಿದರೆ ಅದು ಹೆಚ್ಚು ಪ್ರವಾಹವನ್ನು ಎಳೆದುಕೊಂಡು ಕೆಲಸವನ್ನು ಪೂರೈಸಲು ಹೆಣಗುತ್ತದೆ. ಒತ್ತಡ ನೂರಕ್ಕೆ ಎಂಬತ್ತಾದರೆ ಪ್ರವಾಹ ಸುಮಾರು ಒಂದೂಕಾಲು ಪಟ್ಟು. ಸುರುಳಿಯ ಶಾಖ ಒಂದೂವರೆ ಪಟ್ಟಿಗೂ ಮೇಲೆ. ಇಳಿದ ಒತ್ತಡದಲ್ಲಿ ರಾತ್ರಿಯೆಲ್ಲ ಓಡಿದ ಪಂಪು ಬೆಳಗಾಗುವಷ್ಟರಲ್ಲಿ ಸುಟ್ಟುಹೋಗಿ, ರೈತನಿಗೆ ಸುರುಳಿ ಸುತ್ತಿಸುವ ದಂಡ ಬೀಳುವುದರ ರಹಸ್ಯ ಇದು.

ಕೊನೆಯದಾಗಿ, ನಮ್ಮ ಶರೀರ. ಅದೂ ಒಂದು ವಾಹಕವೇ. ಒಣಗಿದ ಚರ್ಮದ ರೋಧ ಸಾವಿರಾರು ಓಮ್. ಒದ್ದೆಯಾದರೆ ಶರೀರದ ಒಟ್ಟು ರೋಧ ಸಾವಿರ ಓಮಿನ ಆಸುಪಾಸಿಗೆ ಇಳಿಯಬಹುದು. ೨೩೦ನ್ನು ಸಾವಿರದಿಂದ ಭಾಗಿಸಿ: ೦.೨೩ ಆಂಪಿಯರು. ಒಂದು ಬಲ್ಬನ್ನು ಉರಿಸುವಷ್ಟು ಪ್ರವಾಹವೂ ಅಲ್ಲ. ಆದರೆ ಹೃದಯದ ಬಡಿತವನ್ನು ಕೆಡಿಸಿ ಪ್ರಾಣ ತೆಗೆಯಲು ಇದು ಧಾರಾಳವಾಗಿ ಸಾಕು. ಆರು ಆಂಪಿಯರಿನ ಫ್ಯೂಸಿಗೆ ಇದರ ಅರಿವೇ ಆಗುವುದಿಲ್ಲ. ಫ್ಯೂಸು ಇರುವುದು ತಂತಿಯನ್ನು ಕಾಪಾಡುವುದಕ್ಕೆ, ಮನುಷ್ಯನನ್ನು ಕಾಪಾಡುವುದಕ್ಕಲ್ಲ. ಮನುಷ್ಯನ ರಕ್ಷಣೆಗೆ ಬೇರೆಯೇ ಒಂದು ಉಪಕರಣವುಂಟು. ಹೋದ ಪ್ರವಾಹವೆಲ್ಲ ಹಿಂದಿರುಗಿತೇ ಎಂದು ಅದು ಎಣಿಸುತ್ತಿದ್ದು, ೦.೦೩ ಆಂಪಿಯರು ನೆಲಕ್ಕೆ ಸೋರಿದರೂ ಕಣ್ಣು ಮುಚ್ಚಿ ತೆರೆಯುವಷ್ಟರಲ್ಲಿ ಸಂಪರ್ಕವನ್ನು ಕಡಿದುಹಾಕುತ್ತದೆ. ಸೋರಿಕೆ ತಡೆಯುವ ಸ್ವಿಚ್ಚು ಎಂದು ಅಂಗಡಿಯಲ್ಲಿ ಕೇಳಿದರೆ ತೋರಿಸುತ್ತಾರೆ. ಸ್ನಾನದ ಮನೆಗೆ ಗೀಸರನ್ನು ತರುವವರು ಇದನ್ನೂ, ಸರಿಯಾದ ಅರ್ಥ್ ತಂತಿಯನ್ನೂ ಜೊತೆಗೇ ಹಾಕಿಸುವುದು ಅತ್ಯವಶ್ಯಕ. ಒದ್ದೆಯ ಕೈಯಿಂದ ಸ್ವಿಚ್ಚನ್ನು ಮುಟ್ಟಬಾರದೆಂದು ಹಿರಿಯರು ಗದರಿಸುವುದು ಬರಿಯ ಅಂಜಿಕೆಯಿಂದಲ್ಲ. ಅದರ ಹಿಂದೆ ಓಮನ ಭಾಗಾಕಾರ ನಿಂತಿದೆ.

ವಿದ್ಯುಚ್ಛಕ್ತಿ ಕಣ್ಣಿಗೆ ಕಾಣುವುದಿಲ್ಲ. ಆದುದರಿಂದ ಅದನ್ನು ಕುರಿತು ಒಬ್ಬರಿಗೆ ಅತಿಯಾದ ಭಯ, ಇನ್ನೊಬ್ಬರಿಗೆ ಅತಿಯಾದ ಧೈರ್ಯ. ಕಣ್ಣಿಗೆ ಕಾಣದುದನ್ನು ಕಾಣಿಸುವ ಸಾಧನವೇ ಗಣಿತ. ನಾಳೆ ಬಿಡುವಾದಾಗ ಮನೆಯ ಉಪಕರಣಗಳ ಬೆನ್ನಿನ ಮೇಲಿನ ಅಂಕಿಗಳನ್ನು ಓದಿ, ವಾಟನ್ನು ವೋಲ್ಟಿನಿಂದ ಭಾಗಿಸಿ, ಅದು ಸಿಕ್ಕಿಸಿರುವ ಪ್ಲಗ್ಗಿನ ಆಂಪಿಯರಿನೊಡನೆ ಹೋಲಿಸಿ ನೋಡಿ. ಮಕ್ಕಳಿದ್ದರೆ ಲೆಕ್ಕವನ್ನು ಅವರ ಕೈಯಲ್ಲಿಯೇ ಮಾಡಿಸಿ. ಪರೀಕ್ಷೆಗೆಂದು ಕಲಿತ ಭಾಗಾಕಾರವು ಮನೆಯನ್ನು ಕಾಯುವುದೆಂದು ಅವರಿಗೆ ಒಮ್ಮೆ ಮನದಟ್ಟಾದರೆ, ಆ ವಿದ್ಯೆಯನ್ನು ಅವರು ಮರೆಯಲಾರರು.